ಪೈಲಟ್‌ಗಳ ಜಗಳ ಪ್ರಯಾಣಿಕರದ್ದೂ ಹೌದು

ಪೈಲಟ್‌ಗಳು ಆಡಳಿತ ಮಂಡಳಿಯ ಎದುರು ನಿಂತಾಗಲೆಲ್ಲ ನಮ್ಮಲ್ಲಿ ಒಂದೇ ಮಾತು ಕೇಳಿಬರುತ್ತದೆ: ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ಇನ್ನೇನು ಕೊರತೆ? 2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಜನ ಪರದಾಡಿದಾಗ ಅದಕ್ಕೆ ಇನ್ನೊಂದು ದೂರು ಸೇರಿಕೊಂಡಿತು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮವೇ ಇದಕ್ಕೆಲ್ಲ ಕಾರಣವಂತೆ. ಎರಡೂ ಮಾತು ತಪ್ಪು.

ಆ ನಿಯಮ ಕೇಳಿದ್ದಾದರೂ ಏನು? ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಗಬೇಕು. ರಾತ್ರಿ ಪಾಳಿಯಲ್ಲಿ ಆರು ಬಾರಿ ವಿಮಾನ ಇಳಿಸಬಹುದಾಗಿದ್ದಲ್ಲಿ ಎರಡೇ ಬಾರಿ ಇಳಿಸಬೇಕು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಇದನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ಕಂಪನಿಗಳು ತಕರಾರು ತೆಗೆದವು, ಜಾರಿ ಮುಂದಕ್ಕೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಸುಮಾರು ಎರಡು ವರ್ಷ ಮೊದಲೇ ಗೊತ್ತಿದ್ದ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದೇ ಇದ್ದದ್ದು ಯಾರ ತಪ್ಪು? ಡಿಜಿಸಿಎ ಇಂಡಿಗೊಗೆ ನೋಟಿಸ್ ಕೊಟ್ಟಿತು ನಿಜ. ಅದರ ಜೊತೆಗೇ 2026ರ ಫೆಬ್ರುವರಿ 10ರವರೆಗೆ ವಿನಾಯಿತಿಯನ್ನೂ ಕೊಟ್ಟಿತು.

ರಾತ್ರಿ ಕೆಲಸಕ್ಕೆ ಯಾಕಿಷ್ಟು ರಂಪ ಎನ್ನುವವರಿಗೆ, ಅದರಲ್ಲೂ ಕರ್ನಾಟಕದಲ್ಲಿ, 2010ರ ಮೇ 22 ನೆನಪಿರಬೇಕು. ರಾತ್ರಿಯಿಡೀ ಹಾರಿ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗಿನ ಜಾವ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ಸತ್ತರು, ಉಳಿದವರು ಎಂಟೇ ಮಂದಿ. ಕಾಕ್‌ಪಿಟ್‌ನ ಧ್ವನಿಮುದ್ರಕದಲ್ಲಿದ್ದದ್ದು ಎರಡು ಗಂಟೆಯ ಸದ್ದು. ಅದರ ಮೊದಲ ಒಂದೂಮುಕ್ಕಾಲು ಗಂಟೆಯ ಆಸುಪಾಸು ಕ್ಯಾಪ್ಟನ್ನರ ಮಾತೇ ಇಲ್ಲ, ನಿದ್ದೆಯ ಭಾರವಾದ ಉಸಿರು ಮಾತ್ರ. ಎದ್ದ ಮೇಲೂ ಬಿಡದ ನಿದ್ದೆಯ ಮಂಪರು ಅವರ ವಿವೇಚನೆಯನ್ನು ಕುಂದಿಸಿರಬಹುದು ಎಂದು ತನಿಖಾ ವರದಿ ಹೇಳಿತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಆ ಕ್ಯಾಪ್ಟನ್ ರಜೆ ಮುಗಿಸಿ ಬಂದು ಕೆಲವೇ ದಿನಗಳಾಗಿದ್ದವು ಎಂಬುದನ್ನು ಮರೆಯಬಾರದು. ಅನುಭವಿಯೂ ಆಗಿದ್ದ, ರಜೆಯನ್ನೂ ಪಡೆದಿದ್ದ ಮನುಷ್ಯನನ್ನೇ ಒಂದು ರಾತ್ರಿ ಹೀಗೆ ಕೆಡವಬಲ್ಲುದಾದರೆ, ವಾರಗಟ್ಟಲೆ ರಾತ್ರಿ ಪಾಳಿ ಮಾಡುವವರ ಪಾಡೇನು?

ಪೈಲಟ್‌ಗಳು ಪಟ್ಟು ಹಿಡಿಯುವ ಇನ್ನೊಂದು ವಿಷಯ ಸೀನಿಯಾರಿಟಿ, ಅಂದರೆ ಸೇವಾ ಹಿರಿತನ. ಇದು ಹಳಬರ ಸವಲತ್ತು, ಪ್ರತಿಭೆಗೆ ಅಡ್ಡಗಾಲು ಎಂಬ ಟೀಕೆಯಿದೆ. ನಾನು ಒಪ್ಪುವುದಿಲ್ಲ. ಸಹ ಪೈಲಟ್ ಯಾವಾಗ ಕ್ಯಾಪ್ಟನ್ ಆಗಬೇಕು, ಯಾರು ದೊಡ್ಡ ವಿಮಾನಕ್ಕೆ ಹೋಗಬೇಕು ಎಂಬುದನ್ನು ಹಿರಿತನದ ಪಟ್ಟಿ ನಿರ್ಧರಿಸಿದರೆ ಮ್ಯಾನೇಜರನ ಮರ್ಜಿಗೆ ಕಾಯಬೇಕಿಲ್ಲ. ಆಗ ಮಾತ್ರ ಪೈಲಟ್ ‘ನನಗೆ ದಣಿವಾಗಿದೆ, ಹಾರಲಾರೆ’ ಎಂದು ಧೈರ್ಯವಾಗಿ ಹೇಳಬಲ್ಲ. 2012ರ ಏರ್ ಇಂಡಿಯಾ ಮುಷ್ಕರದ ಬೇರೂ ಇಲ್ಲೇ ಇತ್ತು. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ವಿಲೀನವಾಗಿ ಐದು ವರ್ಷ ಕಳೆದರೂ ಎರಡೂ ಕಡೆಯವರ ಬಡ್ತಿಯ ತಕರಾರು ಬಗೆಹರಿದಿರಲಿಲ್ಲ. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬಲ್ಲಿ ಅದು ಸ್ಫೋಟಿಸಿ ಮುಷ್ಕರ 58 ದಿನ ನಡೆಯಿತು, ನೂರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಹೈಕೋರ್ಟಿನ ತಡೆಯಾಜ್ಞೆ ಮೀರಿ ಅದನ್ನು ಎಳೆದದ್ದನ್ನು ಸಮರ್ಥಿಸಲಾರೆ. ಆದರೆ ಪೈಲಟ್‌ಗಳನ್ನು ಪೈಲಟ್‌ಗಳ ಮೇಲೆಯೇ ಎತ್ತಿಕಟ್ಟಿದ ಆ ಗೊಂದಲ ಆಡಳಿತದ ಕೂಸು.

ಕೆಲಸ ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಲಿ ಎನ್ನಬಹುದು, ಆದರೆ ಅದೂ ಸುಲಭವಲ್ಲ. 2017ರ ನಿಯಮದ ಪ್ರಕಾರ ಕ್ಯಾಪ್ಟನ್ ಒಂದು ವರ್ಷ, ಸಹ ಪೈಲಟ್ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು.

ಪೈಲಟ್‌ಗಳ ದಣಿವಿನ ಬಗ್ಗೆ ಕಂಪನಿಗಳು ಮೂರು ತಿಂಗಳಿಗೊಮ್ಮೆ ಡಿಜಿಸಿಎಗೆ ವರದಿ ಕೊಡಬೇಕೆಂದು 2024ರ ನಿಯಮದಲ್ಲೇ ಇದೆ. ಆ ವರದಿಗಳನ್ನು ಕಂಪನಿವಾರು ಸಾರ್ವಜನಿಕರ ಮುಂದಿಡಬೇಕು. ಟಿಕೆಟ್ ಕೊಳ್ಳುವ ನಾವು ಪೈಲಟ್‌ಗಳನ್ನು ಬೈಯುವುದು ಬಿಟ್ಟು ಅದನ್ನು ಕೇಳೋಣ.