ಇರುವೆ ಸಾಲಿನ ಎಂಟು ಕಾಲಿನವ

ಮಾವಿನ ಕೊಂಬೆಯ ಮೇಲೆ ಚಗಳಿ ಇರುವೆಗಳು ಸಾಲುಗಟ್ಟಿ ಹತ್ತಿ ಇಳಿಯುತ್ತಿರುತ್ತವೆ. ಸಾಲಿನಿಂದ ಗೇಣು ದೂರದ ಎಲೆಯ ಅಂಚಿನಲ್ಲಿ ಅದೇ ಕೆಂಗಂದು ಬಣ್ಣದ ಒಂಟಿ ಚಗಳಿ. ಮೀಸೆ ಆಡಿಸುತ್ತದೆ, ನಿಲ್ಲುತ್ತದೆ, ಅಡ್ಡಾದಿಡ್ಡಿ ಓಡುತ್ತದೆ. ಹುಲ್ಲುಕಡ್ಡಿ ಚಾಚಿದರೆ ನಿಜವಾದ ಚಗಳಿ ಏನು ಮಾಡುತ್ತದೆಂದು ತೋಟದಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಿಲ್ಲ: ಬಾಯಿ ಅಗಲಿಸಿ, ಹಿಂಭಾಗ ಎತ್ತಿ, ಕಡ್ಡಿಯನ್ನೇ ಕಚ್ಚುತ್ತದೆ. ಈ ಒಂಟಿ ಆಸಾಮಿ ಮಾತ್ರ ಮೈ ಹೊರಳಿಸಿ ಕಡ್ಡಿಯನ್ನು ದಿಟ್ಟಿಸುತ್ತಾನೆ. ಇನ್ನಷ್ಟು ಹತ್ತಿರ ಹೋದರೆ ಎಲೆಯಿಂದ ಕೆಳಕ್ಕೆ ಜಾರಿ, ನೆಲ ಮುಟ್ಟುವ ಮೊದಲೇ ನಿಂತು, ನೂಲಿನ ತುದಿಯಲ್ಲಿ ತೂಗಾಡುತ್ತಾನೆ.

ಅಲ್ಲಿಗೆ ಗುಟ್ಟು ರಟ್ಟು. ಬೆಳೆದ ಚಗಳಿಗೆ ನೂಲು ಬರುವುದಿಲ್ಲ. ಅದರ ಗೂಡಿನ ಎಲೆಗಳನ್ನು ಹೊಲಿದಿರುವ ಬಿಳಿ ನೂಲು ಕೂಡ ಮರಿಹುಳುಗಳದ್ದು. ದೊಡ್ಡವು ಅವನ್ನು ಬಾಯಲ್ಲಿ ಕಚ್ಚಿಕೊಂಡು ಎಲೆಯಿಂದ ಎಲೆಗೆ ಆಡಿಸುತ್ತವೆ, ಅಷ್ಟೇ. ನೂಲಿನಲ್ಲಿ ತೂಗುತ್ತಿರುವುದು ಜಿಗಿಯುವ ಜೇಡಗಳ ಕುಟುಂಬದ ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್. ಹಳೆಯ ಪುಸ್ತಕಗಳಲ್ಲಿ ಇದು ಮಿರ್ಮರಾಕ್ನಿ ಎಂಬ ಕುಲದಡಿ ಸಿಗುತ್ತದೆ. ಇಂಗ್ಲೆಂಡಿನ ಪಾದ್ರಿ, ಜೇಡತಜ್ಞ ಆಕ್ಟೇವಿಯಸ್ ಪಿಕಾರ್ಡ್-ಕೇಂಬ್ರಿಜ್ 1869ರಲ್ಲಿ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾದವರೆಗೆ, ಚಗಳಿ ಇರುವಲ್ಲೆಲ್ಲ ಇದನ್ನು ಹುಡುಕಬಹುದು.

ಅಪರೂಪದ ಜೇಡ ಎಂದೊಡನೆ ಜನರ ಮನಸ್ಸು ದಟ್ಟ ಕಾಡಿಗೆ ಓಡುತ್ತದೆ. ಅದಕ್ಕೆ ಕಾರಣವೂ ಇದೆ. ನಮ್ಮ ಪಶ್ಚಿಮ ಘಟ್ಟದ ಕಾನು ಪ್ರದೇಶದಲ್ಲಿ ಸಿಕ್ಕ ಎರಿಯೋವಿಕ್ಸಿಯಾ ಗ್ರಿಫಿಂಡೋರಿ 2016ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಏಳು ಮಿಲಿಮೀಟರ್ ಆಸುಪಾಸಿನ ಆ ಜೇಡದ ಒಣಗಿದೆಲೆಯಂಥ ಮೈ ಹ್ಯಾರಿ ಪಾಟರ್ ಕತೆಯ ಮಾತಾಡುವ ಟೋಪಿಯನ್ನು ಹೋಲುತ್ತಿತ್ತು. ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್ ಮತ್ತು ಸುಮುಖ ಅವರು ಟೋಪಿಯ ಮೂಲ ಒಡೆಯನ ಹೆಸರನ್ನೇ ಇಟ್ಟರು, ಲೇಖಕಿ ಜೆ. ಕೆ. ರೋಲಿಂಗ್ ಟ್ವಿಟರ್‌ನಲ್ಲಿ ಅಭಿನಂದಿಸಿದರು. ಅಂಥದ್ದು ಕಣ್ಣಿಗೆ ಬೀಳಲು ಕಾಡೂ ಬೇಕು, ಅದೃಷ್ಟವೂ ಬೇಕು. ಚಗಳಿ ವೇಷದವನಿಗೆ ಒಂದು ಮಾವಿನ ಮರವೋ ಗೇರು ಮರವೋ ಸಾಕು. ಅವನನ್ನು ದಿನವೂ ನೋಡಿಯೂ ನೋಡದಿರುವವರೇ ಹೆಚ್ಚು.

ವೇಷ ಎಂಥದ್ದೆಂದು ಭೂತಗನ್ನಡಿ ಹಿಡಿದು ನೋಡಬೇಕು. ಇರುವೆಗೆ ತಲೆ, ಎದೆ, ಹೊಟ್ಟೆ ಎಂಬ ಮೂರು ತುಂಡು, ಜೇಡಕ್ಕಿರುವುದು ಎರಡೇ. ಈ ಜೇಡದ ಮುಂಭಾಗದ ನಡುವೆ ಒಂದು ಹಿಸುಕು ಬಿದ್ದು, ತಲೆ ಬೇರೆ ಎದೆ ಬೇರೆ ಎಂಬಂತೆ ಕಾಣುತ್ತದೆ. ಹಿಂದೆ ಸಪೂರ ಸೊಂಟ, ಅದರಾಚೆ ಉದ್ದನೆಯ ಹೊಟ್ಟೆ. ಕಾಲುಗಳು ಜೇಡದವಾಗಲು ತೀರಾ ತೆಳು. ಆದರೆ ಎದುರಿನಿಂದ ನೋಡಿದರೆ ಹಣೆಯಲ್ಲಿ ಎರಡು ದೊಡ್ಡ ಕಣ್ಣುಗಳು ನೋಡುವವನನ್ನೇ ನೋಡುತ್ತಿರುತ್ತವೆ. ಜಿಗಿಯುವ ಜೇಡಗಳ ಈ ಮುಂಗಣ್ಣುಗಳನ್ನು ಯಾವ ವೇಷವೂ ಮುಚ್ಚಲಾರದು. ಒಟ್ಟು ಕಣ್ಣು ಎಂಟು, ಕಾಲೂ ಎಂಟು.

ಇಷ್ಟು ಕಷ್ಟಪಡುವುದೇಕೆ? ಚಗಳಿಯ ತಂಟೆಗೆ ಹೋಗುವವರು ಕಡಿಮೆ. ಅದು ಕಚ್ಚುತ್ತದೆ, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಸಿಡಿಸುತ್ತದೆ, ಸಾಲದ್ದಕ್ಕೆ ಬಳಗವನ್ನೆಲ್ಲ ಕರೆಯುತ್ತದೆ. ಜೇಡ ತಿನ್ನುವ ಜೇಡ, ಜೇಡ ಹಿಡಿಯುವ ಕಣಜ, ಕೀಟ ಹೆಕ್ಕುವ ಹಕ್ಕಿ ಇವುಗಳಲ್ಲಿ ಹೆಚ್ಚಿನವು ಇರುವೆ ಎಂದು ಕಂಡರೆ ಪಕ್ಕಕ್ಕೆ ಸರಿಯುತ್ತವೆ. ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲಿ ಅಮೆಜಾನಿನ ಚಿಟ್ಟೆಗಳನ್ನು ನೋಡಿ ವಿವರಿಸಿದ ಉಪಾಯವೇ ಇದು: ನಿರುಪದ್ರವಿಯೊಂದು ಅಪಾಯಕಾರಿಯ ರೂಪ ತೊಟ್ಟು ಬದುಕುವುದು. ಚಗಳಿಗಳಿಗೆ ಮಾತ್ರ ಈ ವೇಷ ನಡೆಯುವುದಿಲ್ಲ. ಕೈಗೆ ಸಿಕ್ಕರೆ ಅವು ಜೇಡವನ್ನು ಬಿಡುವುದಿಲ್ಲ, ಹಾಗಾಗಿ ಇದು ಸಾಲಿನ ಪಕ್ಕದಲ್ಲೇ ಬಾಳಿದರೂ ಸಾಲಿನೊಳಗೆ ಸೇರುವುದಿಲ್ಲ. ಎದುರು ಬಂದ ಚಗಳಿಗೆ ದಾರಿ ಬಿಟ್ಟು ಎಲೆಯ ಅಡಿಗೆ ನುಸುಳುವ ಚುರುಕು ನೋಡಲೇಬೇಕಾದ್ದು.

ಗಂಡಿನ ಕತೆ ಇನ್ನೂ ವಿಚಿತ್ರ. ಅದರ ದವಡೆಗಳು ಮುಂದಕ್ಕೆ ಉದ್ದೋಉದ್ದ ಚಾಚಿಕೊಂಡು ತುದಿಯಲ್ಲಿ ಉಬ್ಬಿರುತ್ತವೆ. ಗಂಡು ಗಂಡು ಎದುರಾದಾಗ ಈ ದವಡೆಗಳನ್ನು ಅಗಲಿಸಿ ಸೆಣಸುತ್ತವೆ. ಇಷ್ಟುದ್ದದ ದವಡೆ ಇರುವೆ ವೇಷವನ್ನು ಕೆಡಿಸಬೇಕಿತ್ತು, ಆದರೆ ಕೆಡಿಸಲಿಲ್ಲ: ಗಂಡು ಇನ್ನೊಂದು ಇರುವೆಯನ್ನು ಬಾಯಲ್ಲಿ ಹೊತ್ತು ಸಾಗುವ ಇರುವೆಯಂತೆ ಕಾಣುತ್ತದೆ. ಇದಕ್ಕೂ ಬೆಲೆ ತೆರಬೇಕು. ನ್ಯೂಜಿಲೆಂಡಿನ ಸಂಶೋಧಕರಾದ ಶಿಮೆನಾ ನೆಲ್ಸನ್ ಮತ್ತು ರಾಬರ್ಟ್ ಜಾಕ್ಸನ್ ಫಿಲಿಪ್ಪೀನ್ಸಿನ ಹತ್ತಿರದ ಸಂಬಂಧಿಯೊಂದರ ಮೇಲೆ ನಡೆಸಿದ ಪ್ರಯೋಗಗಳನ್ನು 2006ರಲ್ಲಿ ಪ್ರಕಟಿಸಿದರು. ಇರುವೆಯನ್ನೇ ತಿನ್ನುವ ಜೇಡಗಳು ಬಾಯಲ್ಲಿ ಹೊರೆಯಿರುವ ಇರುವೆಯನ್ನು ಹೆಚ್ಚು ಇಷ್ಟಪಡುತ್ತವೆ, ಏಕೆಂದರೆ ಅದಕ್ಕೆ ತಿರುಗಿ ಕಚ್ಚಲಾಗದು. ಇರುವೆಗೆ ಹೆದರುವವರಿಂದ ಪಾರಾದ ಗಂಡು ಇರುವೆ ಹುಡುಕುವವರ ಕಣ್ಣಿಗೆ ಬೀಳುತ್ತದೆ.

ರೂಪದ ಮಾತು ಇಷ್ಟು. ಆದರೆ ಯಕ್ಷಗಾನದಲ್ಲಿ ಬಣ್ಣಗಾರಿಕೆ ಎಷ್ಟೇ ಚೆನ್ನಾಗಿದ್ದರೂ ಹೆಜ್ಜೆ ತಪ್ಪಿದರೆ ವೇಷ ನಿಲ್ಲುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಈ ಜೇಡಗಳು ಮುಂಗಾಲೆರಡನ್ನು ಮೀಸೆಯಂತೆ ಎತ್ತಿ, ಉಳಿದ ಆರರಲ್ಲಿ ನಡೆಯುತ್ತವೆ ಎಂದು ಬಹುಕಾಲ ಬರೆಯುತ್ತಾ ಬಂದದ್ದುಂಟು. 2017ರಲ್ಲಿ ಪಾಲ್ ಶಾಂಬಲ್ ಮತ್ತು ಸಂಗಡಿಗರು ಇನ್ನೊಂದು ಇರುವೆ ಜೇಡದ ನಡಿಗೆಯನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ ನೋಡಿದಾಗ ಬೇರೆಯೇ ಕಂಡಿತು. ಅದು ನಡೆಯುವುದು ಎಂಟೂ ಕಾಲುಗಳಿಂದ. ನಡುನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ನಿಂತು, ಆಗ ಮುಂಗಾಲು ಎತ್ತಿ ಆಡಿಸುತ್ತದೆ. ನಮ್ಮ ಕಣ್ಣು ಆ ನಿಲುಗಡೆಯನ್ನು ಹಿಡಿಯುವಷ್ಟು ಚುರುಕಲ್ಲ. ಹಿಡಿಯುವುದು ಅಲುಗುವ ‘ಮೀಸೆ’ಯನ್ನು ಮಾತ್ರ. ದಾರಿಯೂ ನೇರವಲ್ಲ. ವಾಸನೆಯ ಜಾಡು ಹಿಡಿದ ಇರುವೆ ಎಡಕ್ಕೂ ಬಲಕ್ಕೂ ಓಲಾಡುತ್ತ ಹೋಗುವಂತೆ, ಯಾವ ಜಾಡೂ ಇಲ್ಲದ ಈ ಜೇಡವೂ ಅಂಕುಡೊಂಕಾಗಿ ಹೋಗುತ್ತದೆ.

ವೇಷಕ್ಕೆ ತೆರುವ ದಂಡ ಮೈಯಲ್ಲೇ ಇದೆ. ಬೋರ್ನಿಯೋದ ಇರುವೆ ಜೇಡಗಳನ್ನು ಪರೀಕ್ಷಿಸಿದ ಜಪಾನಿನ ತಂಡವೊಂದು 2020ರಲ್ಲಿ ವರದಿ ಮಾಡಿದಂತೆ, ಇವು ತಮ್ಮ ಕುಟುಂಬದ ಉಳಿದವರಷ್ಟು ದೂರ ಜಿಗಿಯಲಾರವು, ಬೇಟೆಯಲ್ಲೂ ಹಿಂದೆ. ಸಣಕಲು ಸೊಂಟ, ತೆಳು ಕಾಲು ಇಟ್ಟುಕೊಂಡು ಜಿಗಿಯುವ ಕುಟುಂಬದಲ್ಲಿ ಹುಟ್ಟಿದ್ದರ ಫಲ ಅದು.

ಚಗಳಿ ವೇಷದ ಇನ್ನೊಬ್ಬನೂ ಅದೇ ಮರದಲ್ಲಿರುತ್ತಾನೆ. ಅವನ ಉದ್ದೇಶ ಬೇರೆ. ಅಮೈಸಿಯಾ ಫಾರ್ಟಿಸೆಪ್ಸ್ ಎಂಬ ಏಡಿ ಜೇಡದ ಹಿಂಭಾಗದಲ್ಲಿ ಎರಡು ಕಪ್ಪು ಚುಕ್ಕೆ, ದೂರಕ್ಕೆ ಚಗಳಿಯ ತಲೆ ಎನ್ನಿಸುವಂತೆ. ಇದು ಬಚಾವಾಗಲು ವೇಷ ಹಾಕಿದ್ದಲ್ಲ, ಕೊಲ್ಲಲು. ಸಾಯುತ್ತಿರುವ ಇರುವೆಯಂತೆ ಒದ್ದಾಡಿ, ಏನೆಂದು ನೋಡಲು ಬಂದ ಚಗಳಿಯನ್ನು ಕಚ್ಚಿ, ಬಳಗ ಸೇರುವ ಮೊದಲೇ ಹೆಣದೊಂದಿಗೆ ನೂಲಿನಲ್ಲಿ ಕೆಳಗಿಳಿದುಬಿಡುತ್ತದೆ. ಚಗಳಿ ವೇಷದ ಜೇಡಗಳನ್ನು ನಮ್ಮವರೇ ಆದ ಎ. ಪಿ. ಮ್ಯಾಥ್ಯೂ ಬಹಳ ಹಿಂದೆಯೇ ಹಿಂಬಾಲಿಸಿದ್ದರು. ಜಿಗಿಯುವ ವೇಷಧಾರಿಯ ಜೀವನಚರಿತ್ರೆಯನ್ನು 1934ರಲ್ಲೂ, ಇಬ್ಬರು ವೇಷಧಾರಿಗಳ ನಡತೆಯನ್ನು 1954ರಲ್ಲೂ ಮುಂಬಯಿ ನಿಸರ್ಗ ಇತಿಹಾಸ ಸಂಘದ ನಿಯತಕಾಲಿಕದಲ್ಲಿ ಅವರು ದಾಖಲಿಸಿದರು.

ಇರುವೆ ಜೇಡಗಳ ಬಳಗದಿಂದ ಬೆರಗುಗಳು ಇನ್ನೂ ಬರುತ್ತಲೇ ಇವೆ. ಟಾಕ್ಸಿಯಸ್ ಮ್ಯಾಗ್ನಸ್ ಎಂಬ ಇರುವೆ ಜೇಡದ ತಾಯಿ ಮರಿಗಳಿಗೆ ಹಾಲಿನಂಥ ದ್ರವ ಕುಡಿಸುತ್ತದೆ ಎಂದು ಚೀನಾದ ಸಂಶೋಧಕರು 2018ರಲ್ಲಿ ತೋರಿಸಿದರು. ಅದರಲ್ಲಿ ಹಸುವಿನ ಹಾಲಿನ ಸುಮಾರು ನಾಲ್ಕು ಪಟ್ಟು ಪ್ರೋಟೀನು. ಮೊದಲ 20 ದಿನ ಮರಿಗಳಿಗೆ ಅದೇ ಆಹಾರ. ಬೇಟೆಗೆ ಹೋಗಲು ಕಲಿತ ಮೇಲೂ ಸುಮಾರು 40 ದಿನದವರೆಗೆ ಕುಡಿಯುತ್ತವೆ.

ನೋಡಬೇಕೆನ್ನುವವರು ಬಿಸಿಲೇರುವ ಮೊದಲು ಚಗಳಿ ಇರುವ ಮರದ ಬಳಿ ಹೋಗಿ, ಸಾಲನ್ನು ಬಿಟ್ಟು ಅಕ್ಕಪಕ್ಕದ ತಗ್ಗಿನ ಎಲೆಗಳನ್ನು ಗಮನಿಸಲಿ. ಗುಂಪಿನಲ್ಲಿರುವುದು ಚಗಳಿ, ಒಂಟಿಯಾಗಿ ಅಲೆಯುತ್ತ, ನೆರಳು ಬಿದ್ದೊಡನೆ ತಿರುಗಿ ನೋಡುವುದರ ಮೇಲೆ ಅನುಮಾನವಿಡಲಿ. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಚಿತ್ರ ತೆಗೆಯುವಂತಿದ್ದರೆ ಒಂದು ನಿಲುಗಡೆ 24 ಚಿತ್ರಗಳಷ್ಟಾಗುತ್ತದೆ. ವಿದೇಶದ ಪ್ರಯೋಗಾಲಯದಲ್ಲಿ ಕಂಡ ನಡಿಗೆ ನಮ್ಮ ಚಗಳಿ ವೇಷದವನಿಗೂ ಇದೆಯೇ ಎಂದು ಹಿತ್ತಲಲ್ಲೇ ಪರೀಕ್ಷಿಸಬಹುದು. ಹಿಡಿದು ಡಬ್ಬಿಗೆ ಹಾಕುವ ಅಗತ್ಯವಿಲ್ಲ. ಕಾಟ ತಾಳಲಾರದೆ ಚಗಳಿ ಗೂಡಿಗೆ ಔಷಧಿ ಹೊಡೆಯುವ ಯೋಚನೆಯಿದ್ದರೆ ಒಂದು ವಾರ ಮುಂದೂಡಿ. ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟವನ್ನು ಬೇಟೆಯಾಡುವುದು ಈ ಚಗಳಿಯೇ, ಗೂಡು ಹೋದರೆ ಅದರ ನೆರಳಲ್ಲಿ ಬದುಕುವ ಜೇಡಗಳೂ ಹೋಗುತ್ತವೆ.