ಕಟ್ಟಿದ ಜಲಾಶಯಗಳ ನೀರಿನ ಆಯವ್ಯಯ: ಒಂದು ವಿಮರ್ಶೆ

ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯು ನೀರಾವರಿಗೆಂದು ಕಟ್ಟಲ್ಪಟ್ಟು ಪಕ್ಷಿಧಾಮವೂ ಆಗಿರುವ ಜಲಾಶಯ. ಇಂಥವುಗಳ ಆಯವ್ಯಯವನ್ನು ಲೆಕ್ಕಿಸುವಾಗ ಅಳೆಯದೆ ಉಳಿದುದನ್ನೆಲ್ಲ ‘ಇಂಗುವಿಕೆ’ ಎಂದು ಬರೆದುಬಿಡುವ ವಾಡಿಕೆಯುಂಟು. ಇದು ಒಪ್ಪತಕ್ಕುದಲ್ಲ. ಮಳೆ, ಒಳಹರಿವು, ಬಾಷ್ಪೀಭವನ, ಕಾಲುವೆಯ ಹೊರಹರಿವು ಇವುಗಳ ಅಳತೆಯ ದೋಷಗಳೆಲ್ಲವೂ ಆ ಒಂದೇ ಅಂಕಿಯಲ್ಲಿ ಅಡಗುತ್ತವೆ. ಲೆಕ್ಕವೇನೋ ಸರಿಹೊಂದಿದಂತೆ ತೋರುತ್ತದೆ! ಜೋಯಿಡಾದ ಘಟ್ಟದಿಂದ ಹಳಿಯಾಳ, ಮುಂಡಗೋಡಗಳ ಕಡೆಗೆ ಮಳೆ ಬಹಳವಾಗಿ ಇಳಿಯುವುದರಿಂದ, ದಾಂಡೇಲಿಯ ಮಳೆಮಾಪಕದ ಅಂಕಿಯನ್ನು ಅತ್ತಿವೇರಿಗೆ ಅನ್ವಯಿಸುವುದೂ ಸಲ್ಲದು. 100 ಹೆಕ್ಟೇರು ನೀರಹರವಿನಲ್ಲಿ 1 ಮಿಲಿಮೀಟರು ತಪ್ಪಿದರೆ 1,000 ಘನಮೀಟರು ತಪ್ಪಿದಂತೆ. ಬಾಷ್ಪಮಾಪಕ ಪಾತ್ರೆಯ ಅಳತೆಯನ್ನು ತಿಂಗಳು ತಿಂಗಳಿಗೂ 0.7ರಿಂದಲೇ ಗುಣಿಸುವ ಪದ್ಧತಿಯೂ ಸಮರ್ಪಕವಲ್ಲ; ಆ ಗುಣಕವು ವಾರ್ಷಿಕ ಸರಾಸರಿಗೆ ಸಂಬಂಧಿಸಿದುದು. ಹಳ್ಳ ಬತ್ತಿ ತೂಬು ಮುಚ್ಚಿರುವ ಬೇಸಿಗೆಯಲ್ಲಿ, ಗಾಳಿಯಿಲ್ಲದ ಇರುಳುಗಳಲ್ಲಿ ನೀರಮಟ್ಟದ ಇಳಿತವನ್ನು ಅಳೆದರೆ, ಆಗ ಬಾಷ್ಪೀಭವನವು ಅಲ್ಪವಾಗಿರುವುದರಿಂದ, ಇಂಗುವಿಕೆಯನ್ನು ಪ್ರತ್ಯೇಕವಾಗಿಯೇ ಅಂದಾಜಿಸಬಹುದು.