‘ಗುಲಾಬಿ ಟಾಕೀಸ್’: ಗಂಡನಿಲ್ಲದ ಮನೆಯ ಪ್ರೇಕ್ಷಕರು

ಚೆನ್ನೈಯ ಅಡ್ಯಾರ್ ನದಿ ಕಡಲನ್ನು ಸೇರುವೆಡೆಯಲ್ಲಿ ಊರೂರ್ ಆಲ್ಕಾಟ್ ಕುಪ್ಪಂ ಎಂಬ ಮೀನುಗಾರರ ವಸತಿಯಿದೆ. 1882ರಲ್ಲಿ ಅಡ್ಯಾರಿಗೆ ಬಂದು ನೆಲೆಸಿದ ಥಿಯಾಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟರ ಹೆಸರನ್ನು ಅದು ಇಂದಿಗೂ ಹೊತ್ತಿದೆ. ದೋಣಿಗಳು ಹೊರಟ ಮೇಲೆ ಇಂತಹ ದಡಗಳಲ್ಲಿ ಹೆಂಗಸರದೇ ಆದ ಒಂದು ಹೊತ್ತು ಉಳಿಯುತ್ತದೆ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಹಿಡಿದಿಟ್ಟಿರುವುದು ಕುಂದಾಪುರ ಸೀಮೆಯ ಕುದ್ರುವೊಂದರ ಅಂತಹ ಹೊತ್ತನ್ನು. ಅಡ್ಯಾರಿನಲ್ಲಿ ಕುಳಿತು ನೋಡುವ ಕನ್ನಡಿಗನಿಗೆ ಅದು ದೂರದ ಕಥೆಯೆನಿಸುವುದಿಲ್ಲ.

ಈ ಚಿತ್ರವನ್ನು ಸಾಮಾನ್ಯವಾಗಿ 1999ರ ಕಾರ್ಗಿಲ್ ಯುದ್ಧಕಾಲದ ಕೋಮುದ್ವೇಷದ ನಿರೂಪಣೆಯೆಂದು ಓದಲಾಗುತ್ತದೆ. ಆ ಓದು ತಪ್ಪಲ್ಲ. ಆದರೆ ಅದರಲ್ಲಿ ಗುಲಾಬಿಯ ದಾಂಪತ್ಯ ಬರಿಯ ಹಿನ್ನೆಲೆಯಾಗಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಕೃತಿಯ ಮರ್ಮವಿರುವುದೇ ಅಲ್ಲಿ.

ಸೂಲಗಿತ್ತಿ ಗುಲಾಬಿಗೆ ಗಂಡನಿದ್ದಾನೆ, ಸಂಸಾರವಿಲ್ಲ. ಮೀನು ಮಾರಾಟದ ಏಜೆಂಟ್ ಮೂಸಾ ಎರಡನೆಯ ಹೆಂಡತಿ ಕುಂಜಿಪಾತು ಮತ್ತು ಮಗು ಅದ್ದನೊಡನೆ ಬೇರೆ ಸುಖವಾಗಿದ್ದಾನೆ. ಊರ ಮಕ್ಕಳನ್ನೆಲ್ಲ ಈ ಲೋಕಕ್ಕೆ ಬರಮಾಡಿಕೊಳ್ಳುವ ಕೈಗಳ ಒಡತಿಗೆ ತನ್ನ ಮನೆಯಲ್ಲಿ ಮಾತನಾಡಲು ಜನವಿಲ್ಲ. ಇರುವ ಒಂದೇ ಗೀಳು ಸಿನಿಮಾ. ಹೆರಿಗೆ ಮಾಡಿಸಿದ್ದಕ್ಕೆ ಕೃತಜ್ಞತೆಯಾಗಿ ದೊರೆತ ಟಿ.ವಿ. ಮತ್ತು ಡಿಶ್ ಆಂಟೆನಾ ಈ ಬರಿದಾದ ಮನೆಯನ್ನು ತುಂಬುತ್ತವೆ. ಗಂಡಸರು ಕಡಲಿಗಿಳಿದೊಡನೆ ಹೆಂಗಸರು ಬರುತ್ತಾರೆ. ಮುಸಲ್ಮಾನಳ ಮನೆಯೆಂದು ಕೆಲವರು ಹೊರಗೇ ನಿಂತು ನೋಡುತ್ತಾರೆ. ಕೆಲವರು ಬರುವುದೇ ಇಲ್ಲ. ದಾಂಪತ್ಯ ಕೊಡದ ಒಡನಾಟವನ್ನು ಒಂದು ಯಂತ್ರ ಕೊಟ್ಟಿತೆಂಬುದರಲ್ಲಿ ನಗುವೂ ಇದೆ, ಸಂಕಟವೂ ಇದೆ. ನಿರ್ದೇಶಕರು ಎರಡನ್ನೂ ಒತ್ತಿ ಹೇಳುವುದಿಲ್ಲ.

ನೇತ್ರುವಿನ (ಎಂ.ಡಿ. ಪಲ್ಲವಿ) ಪಾತ್ರ ಇದಕ್ಕೆ ಹಿಡಿದ ಕನ್ನಡಿ. ಅವಳ ಗಂಡ ಊರಲ್ಲಿಲ್ಲ. ಅತ್ತೆಯ ದರ್ಪ ಮಾತ್ರ ಇದೆ. ಬಿಡಲ್ಪಟ್ಟವಳು ಕಾಯುತ್ತಿರುವವಳಿಗೆ ಆಪ್ತಳಾಗುತ್ತಾಳೆ. ನೇತ್ರು ಕಾಣೆಯಾದಾಗ ಆರೋಪವೆಲ್ಲ ಗುಲಾಬಿಯ ತಲೆಗೆ ಬರುವುದು ಅವಳ ಧರ್ಮದ ಕಾರಣಕ್ಕಷ್ಟೇ ಅಲ್ಲ, ಅವಳ ಪರವಾಗಿ ಆಡಬೇಕಾದವನು ಆ ಮನೆಯಲ್ಲಿಲ್ಲದ ಕಾರಣಕ್ಕೂ ಹೌದು. ಟ್ರಾಲರುಗಳ ಪೈಪೋಟಿಯಲ್ಲಿ ಊರವರ ಸಿಟ್ಟಿಗೆ ಗುರಿಯಾದ ಮುಸಲ್ಮಾನ ವ್ಯಾಪಾರಿ ಕೊನೆಯವರೆಗೂ ತೆರೆಯ ಮೇಲೆ ಕಾಣಿಸುವುದಿಲ್ಲ. ಅವನ ಮೇಲಿನ ಸಿಟ್ಟನ್ನು ಉಣ್ಣುವವಳು ಕೈಗೆ ಸಿಕ್ಕ ಈ ಒಂಟಿ ಹೆಂಗಸು.

ವೈದೇಹಿಯವರ ಮೂಲಕಥೆಯಲ್ಲಿ ಊರಿಗೆ ಬರುವುದು ಚಿತ್ರಮಂದಿರ. ಅದನ್ನು ಟಿ.ವಿ.ಯಾಗಿಸಿದ್ದರಿಂದ ಚಿತ್ರಕ್ಕೆ ರಾಜಕೀಯದ ಹರಹು ದಕ್ಕಿದೆ, ಆದರೆ ಕಥೆಯ ಹೆಂಗಸರ ಲೋಕದಲ್ಲಿದ್ದ ಚೇಷ್ಟೆ ಅಷ್ಟಿಷ್ಟು ಸೋರಿಹೋಗಿದೆ. ಹೊರಗಿನಿಂದ ಬರುವ ತರುಣರಂತೂ ಪಾತ್ರಗಳೆನಿಸದೆ ಸೂಚನೆಗಳಾಗಿಯೇ ಉಳಿದಿದ್ದಾರೆ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುವವರು ಉಮಾಶ್ರೀ. ಹಾಸ್ಯಪಾತ್ರಗಳಿಗೆ ಹೆಸರಾಗಿದ್ದ ಈ ನಟಿ ಇಲ್ಲಿ ಆ ಕಲೆಯನ್ನು ಬಿಟ್ಟುಕೊಡದೆಯೇ ದುಃಖವನ್ನು ಅಭಿನಯಿಸಿದ್ದಾರೆ. ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಅವರಿಗೆ ಸಂದುದು ಉಚಿತವೇ.

ಕೊನೆಯಲ್ಲಿ ಗುಲಾಬಿಯನ್ನು ಬಲವಂತವಾಗಿ ದೋಣಿ ಹತ್ತಿಸುತ್ತಾರೆ. ಟಿ.ವಿ. ಇಲ್ಲೇ ಇರುತ್ತದೆಂದು ಊರವರಿಗೆ ಭರವಸೆ ಸಿಗುತ್ತದೆ. ಅವಳಿದ್ದಾಗ ಒಮ್ಮೆಯೂ ಹೊಸ್ತಿಲು ದಾಟದಿದ್ದ ಅನಕ್ಷರಸ್ಥ ಮುದುಕಿಯರು ಈಗ ಒಳಹೊಕ್ಕು ನೋಡಲು ಕೂರುತ್ತಾರೆ. ಇದನ್ನು ಕೇವಲ ವ್ಯಂಗ್ಯವೆನ್ನಲು ನನಗೆ ಮನಸ್ಸಿಲ್ಲ. ಆ ಮುದುಕಿಯರ ಕುತೂಹಲ ಗುಲಾಬಿಯದೇ ಕುತೂಹಲ.